ಸ್ಟೇರಿಂಗ್ ಹಗುರ ಇದ್ರ ಸಾಕೇನ್ರೀ?

ಕಾರ್ ನೋಡಾಕ ಹೋದ್ರ ನಮಗ ಹೆಣ್ಮಕ್ಕಳಿಗೆ ಹೇಳೂದು ಒಂದ ಮಾತು: "ಒಂದ ಬೆರಳಿನಾಗ ತಿರುಗತದ್ರೀ ಅಕ್ಕಾರ." ಅಷ್ಟ ಸಾಕೇನ್ರೀ? ಹಿಟ್ಟಿನ ಹದ ನಾದೂ ಕೈಗೆ ಗೊತ್ತಾಗತದಲ್ಲ, ಹಂಗ ರಸ್ತಾದ ಹದ ಸ್ಟೇರಿಂಗ್ ಹಿಡದ ಕೈಗೆ ಗೊತ್ತಾಗಬೇಕು.

ಪವರ್ ಸ್ಟೇರಿಂಗ್ ಇಲ್ಲದ ಹಳೇ ಕಾರಿನಾಗ ರಟ್ಟಿ ನೋಯತಿತ್ತು ಖರೆ, ಆದ್ರ ಹರಳು ಹರಳೂ ತಿಳೀತಿತ್ತು. ಫಿಯಟ್ ಪುಂಟೊ, 2010ರ ಫೋರ್ಡ್ ಫಿಗೊ ಇವಕ್ಕ ಎಣ್ಣಿ ಒತ್ತಡದ ಪವರ್ ಸ್ಟೇರಿಂಗ್. ಸ್ವಲ್ಪ ಭಾರ, ಆದ್ರ ಕೈಗೆ ಸುದ್ದಿ ಮುಟ್ಟಸತಾವ. ಈಗ ಬಹಳಷ್ಟಕ್ಕ ಕರೆಂಟಿನ ಮೋಟರ್. ಓಣ್ಯಾಗ ಆರಾಮ, ಆದ್ರ ಕೆಲವು ಮಾತ ಆಡೂದಿಲ್ಲ.

ಟ್ರಯಲ್‌ಗೆ ಹೋದ್ರ ಹೈವೇಕ್ಕ ಒಯ್ರಿ. 60ರಾಗ ಬಿಗಿ ಆಗತದೋ, ತಿರುವು ಮುಗದ ಮ್ಯಾಲ ತಾನ ನೆಟ್ಟಗಾಗತದೋ ನೋಡ್ರಿ. ಮಳಿಯಾಗ ಟೈರ್ ಜಾರೂದು ಮೊದಲ ಕೈಗೆ ತಿಳೀಬೇಕು. ಹಿಂದಿನ ಸೀಟಿನಾಗ ಮೊಮ್ಮಕ್ಕಳು ಕುಂತಿರತಾರ.