ಬೇಲಿಯಾಚೆಯಿಂದ ಬಂದ ಗಂಜಿ

ನಮ್ಮೂರು ಬಾಳ್ಳುಪೇಟೆಯಿಂದ ಒಳಗೆ, ಆಲೂರು ಸಕಲೇಶಪುರ ಎರಡೂ ತಾಲ್ಲೂಕಿಗೆ ಹತ್ತಿರವಾದ ಒಂದು ಗುಡ್ಡದ ಮೇಲೆ. ನಾಲ್ಕೆಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಒಂದಿಷ್ಟು ಗದ್ದೆ. ಇಂಥ ಮನೆಯ ಹೆಂಗಸಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಕಾಯಿಲೆ ಬೀಳಲೂ ಪುರುಸೊತ್ತಿರುವುದಿಲ್ಲ. 2023ರ ನವೆಂಬರಿನಲ್ಲಿ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನಾನು ಮಾಡಿದ್ದೇನು ಗೊತ್ತೆ? ಸೀರೆ ಉಟ್ಟು ಅಡುಗೆಮನೆಗೆ ಹೋಗಿ ಹಣ್ಣು ಕುಯ್ಯುವವರಿಗೆ ಚಹಾ ಕಾಯಿಸಿದ್ದು. ನೋವಿರಲಿಲ್ಲ. ನೋವಿಲ್ಲದ್ದು ಏನು ಮಾಡೀತು ಅಂದುಕೊಂಡೆ. ಮೊದಮೊದಲು ನೋಯದೇ ಇರುವುದೇ ಅದರ ಕಪಟ ಅಂತ ತಿಳಿದದ್ದು ಆಮೇಲೆ. ಅರೇಬಿಕಾ ಮುಗಿದು, ರೋಬಸ್ಟಾ ಮುಗಿದು, ಕಣ ಗುಡಿಸಿಟ್ಟ ಮೇಲೆ ಯಜಮಾನರಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, "ಮೂರು ತಿಂಗಳು ಒಬ್ಳೇ ಹ್ಯಾಗೆ ಇಟ್ಕೊಂಡಿದ್ದೆ?" ಅಂದರು. ಬೈದಿದ್ದರೆ ವಾಸಿಯಿತ್ತು.

ಹಾಸನದಲ್ಲಿ ಸೂಜಿ ಹಾಕಿ ಪರೀಕ್ಷೆ, ಅಲ್ಲಿಂದ ಚೀಟಿ ಹಿಡಿದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಈ ಆಸ್ಪತ್ರೆಯ ಹೆಸರನ್ನು ನಮ್ಮ ಕಡೆ ಪಿಸುಮಾತಿನಲ್ಲೇ ಹೇಳುವುದು. ಒಳಗೆ ಹೋಗಿ ನೋಡಿದರೆ ಬೀದರಿನವರು, ಚಾಮರಾಜನಗರದವರು, ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡ ತಾಯಂದಿರು. ಈ ಕಾಯಿಲೆ ನನಗೊಬ್ಬಳಿಗೇ ಬಂದ ಶಾಪವೇನೋ ಎಂಬ ಭ್ರಮೆ ಆ ಸಾಲಿನಲ್ಲಿ ನಿಂತ ಅರ್ಧ ಗಂಟೆಯಲ್ಲೇ ಹೋಯಿತು. ಮಾರ್ಚಿಯಲ್ಲಿ ಆಪರೇಷನ್. ಏಪ್ರಿಲ್‌ನಿಂದ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ, ಒಟ್ಟು ಎಂಟು. ಬಿಪಿಎಲ್ ಕಾರ್ಡಿನವರಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ದುಡ್ಡಿಲ್ಲ ಅಂತ ಗಂಟು ಮುಚ್ಚಿಟ್ಟುಕೊಂಡಿರುವ ಅಕ್ಕಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಆ ಕಾರ್ಡು ಹುಡುಕಿ.

ಇನ್ನು ಧೈರ್ಯದ ವಿಷಯ.

ಬಂದವರೆಲ್ಲ ಹೇಳಿದ್ದು ಒಂದೇ: "ಧೈರ್ಯವಾಗಿರು." ಹಣ್ಣು ತಂದವರೂ ಅದೇ, ಕುಂಕುಮ ತಂದವರೂ ಅದೇ. "ನಗ್ತಾ ಇರಮ್ಮ, ಮನಸ್ಸು ಗಟ್ಟಿಯಿದ್ರೆ ಕಾಯಿಲೆ ಅದಾಗೇ ಓಡುತ್ತೆ" ಅಂದರು ಒಬ್ಬರು. ಮತ್ತೊಬ್ಬರು ಕೂತವರೇ ಇದೇ ಕಾಯಿಲೆಯಲ್ಲಿ ತೀರಿಕೊಂಡ ತಮ್ಮ ಓರಗಿತ್ತಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಕೊನೆಗೆ ಧೈರ್ಯ ಹೇಳಿ ಕಾಫಿ ಕುಡಿದು ಹೋದರು. ಎಲ್ಲರೂ ಒಳ್ಳೆಯ ಮನಸ್ಸಿನವರೇ. ಆದರೆ ನಾನು ನಗುವುದನ್ನೇ ಒಂದು ಕೆಲಸ ಮಾಡಿಕೊಂಡೆ. ಕೆಂಪು ಔಷಧಿ ಏರಿಸಿಕೊಂಡು ಬಂದ ದಿನ ಉಚ್ಚೆಯೂ ಕೆಂಪಗೆ ಹೋಗುತ್ತದೆ. ಮೊದಲೇ ಹೇಳಿದ್ದರೂ ಎದೆ ಝಲ್ಲೆಂದಿತು. ಹದಿನೇಳನೆಯ ದಿನ ಬಾಚಣಿಗೆಯಲ್ಲಿ ಜಡೆಯ ಅರ್ಧ ಬಂತು. ಆಗಲೂ ನಕ್ಕೆ. ಮನೆತುಂಬ ಅರೆಯುವ, ಹುರಿಯುವ ಕಾಫಿಯ ವಾಸನೆಯೇ ನನಗೆ ಶತ್ರುವಾಯಿತು. ಕಾಫಿ ತೋಟದವಳಿಗೆ ಕಾಫಿ ವಾಸನೆಗೆ ವಾಂತಿ ಬರುವುದೆಂದರೆ! ಯಜಮಾನರು ಪಾಪ, ಲೋಟ ಹಿಡಿದು ಕೊಟ್ಟಿಗೆಯಲ್ಲಿ ನಿಂತು ಕುಡಿಯುತ್ತಿದ್ದರು. ಅಳು ಬಂದಾಗ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಅತ್ತ ಮೇಲೆ ಇನ್ನೊಂದು ಹೆದರಿಕೆ: ನಾನು ಅತ್ತದ್ದಕ್ಕೆ ಅದು ಬೆಳೆದುಬಿಟ್ಟರೆ?

ಮೂರನೆಯ ಕೀಮೋಗೆ ಹೋದಾಗ ಡ್ರಿಪ್ ಹಾಕುತ್ತಿದ್ದ ನರ್ಸಮ್ಮನಿಗೆ ಇದನ್ನು ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ. "ಔಷಧಿಗೆ ನೀವು ನಗ್ತಿದೀರೋ ಅಳ್ತಿದೀರೋ ಗೊತ್ತಾಗಲ್ಲಮ್ಮ. ಅದರ ಕೆಲಸ ಅದು ಮಾಡುತ್ತೆ. ನೀವು ತಪ್ಪಿಸದೆ ಬನ್ನಿ, ಜ್ವರ ಬಂದ್ರೆ ಮುಚ್ಚಿಡಬೇಡಿ, ಅಷ್ಟು ಸಾಕು" ಅಂದರು. ಅವತ್ತು ಬಸ್ಸಿನಲ್ಲಿ ಕುಣಿಗಲ್ ದಾಟುವವರೆಗೆ ಎಲ್ಲರೆದುರೇ ಅತ್ತೆ. ಎಷ್ಟು ಹಗುರವಾಯಿತು ಅಂತೀರಿ!

ಆಮೇಲೆ ಬಂತು ಮಳೆ. 2024ರ ಜುಲೈ ಮಳೆ ನಮ್ಮ ಕಡೆಯವರು ಮರೆಯುವಂಥದ್ದಲ್ಲ. ದೊಡ್ಡತಪ್ಪಲೆಯ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆಯಿತು. ಆರನೆಯ ಕೀಮೋಗೆ ನನ್ನ ಜೊತೆ ಬರಬೇಕಾಗಿದ್ದ ತಂಗಿ ಉಪ್ಪಿನಂಗಡಿಯಲ್ಲೇ ಉಳಿದಳು. ಇತ್ತ ಅತ್ತೆಯವರು ಅಂಗಳದ ಪಾಚಿಯಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ನನಗಾಗಿ ಕೆಂಚಾಂಬೆಗೆ ಹರಕೆ ಹೊತ್ತವರು ತಾವೇ ಹಾಸಿಗೆ ಹಿಡಿದರು. ಅವರನ್ನು ಬಿಟ್ಟು ಯಜಮಾನರು ಬರುವ ಹಾಗಿಲ್ಲ. ಕರೆಂಟಿಲ್ಲ. ಬಾಯಿ ತುಂಬ ಹುಣ್ಣು. ತಲೆಗೆ ಮಫ್ಲರ್ ಕಟ್ಟಿಕೊಂಡು ಒಲೆ ಮುಂದೆ ಕೂತಿದ್ದೆ. ಹಿತ್ತಿಲ ಬಾಗಿಲಲ್ಲಿ ಗೊರಬಿನ ಸದ್ದಾಯಿತು. ನೋಡಿದರೆ ಪಕ್ಕದ ತೋಟದವಳು!

ಅವಳಿಗೂ ನನಗೂ ಎಂಟು ವರ್ಷದಿಂದ ಮಾತಿಲ್ಲ. ಬೇಲಿಯ ಮೇಲೆ ಒಂದು ಹಲಸಿನ ಮರ. ನಮ್ಮದು ಅಂತ ನಾವು, ತಮ್ಮದು ಅಂತ ಅವರು. ಮದುವೆ ಮನೆಗಳಲ್ಲಿ ಎದುರು ಸಿಕ್ಕಿದರೆ ಇಬ್ಬರೂ ಚಪ್ಪರ ನೋಡುತ್ತಿದ್ದೆವು. ಅವಳು ಗೊರಬು ತೆಗೆದು, ಸೆರಗಿನೊಳಗಿಂದ ಮುಚ್ಚಿದ ಪಾತ್ರೆ ತೆಗೆದಳು. "ಮಾತಾಡಕ್ಕೆ ಬಂದಿಲ್ಲ ಕಣಮ್ಮ. ಗಂಜಿ ತಂದಿದೀನಿ, ಕುಡಿ."

ಒಂದು ಲೋಟ ಅಕ್ಕಿ ತರಿಯನ್ನು ಕೆಂಪಗಾಗದ ಹಾಗೆ ಹುರಿದು, ಒಂದು ಹಿಡಿ ಹೆಸರುಬೇಳೆ ಸೇರಿಸಿ, ಎಂಟು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿದ್ದು. ಉಪ್ಪು, ಚೂರು ಜೀರಿಗೆ, ಅರ್ಧ ಚಮಚ ತುಪ್ಪ. ಖಾರ ಇಲ್ಲ, ಹುಳಿ ಇಲ್ಲ, ಬಿಸಿಯೂ ಉಗುರುಬೆಚ್ಚಗೆ ಮಾತ್ರ, ಹುಣ್ಣಿಗೆ ತಾಗದ ಹಾಗೆ. ಮೂರು ದಿನದಿಂದ ಏನೂ ಇಳಿಯದ ಗಂಟಲಲ್ಲಿ ಅದು ಇಳಿಯಿತು. ಅವಳು ಧೈರ್ಯ ಹೇಳಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆ ತೊಳೆದಳು, ಅತ್ತೆಯವರಿಗೆ ಮಗ್ಗುಲು ಬದಲಿಸಿದಳು, "ಬೆಂಗಳೂರಿಗೆ ಯಾವತ್ತು?" ಅಂದಳು. ಸೋಮವಾರ ಅಂದೆ. "ನಾನ್ ಬತ್ತೀನಿ."

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮಂಥ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಇಬ್ಬರೂ ಆಧಾರ್ ಕಾರ್ಡು ಹಿಡಿದು ಹೊರಟೆವು. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಮಗನ ಹಳೆಯ ನೋಟ್ ಬುಕ್ಕಿನಲ್ಲಿ ಬರೆದುಕೊಂಡಳು. ಇದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರ ಮುಂದೆ ನನ್ನ ತಲೆ ಖಾಲಿಯಾಗುತ್ತಿತ್ತು. ಪಕ್ಕದ ಹಾಸಿಗೆಯ ಒಬ್ಬ ಮೇಷ್ಟರಮ್ಮ ಬಿ.ವಿ. ಭಾರತಿಯವರು ತಮ್ಮ ಕ್ಯಾನ್ಸರ್ ಅನುಭವ ಬರೆದ 'ಸಾಸಿವೆ ತಂದವಳು' ಪುಸ್ತಕ ಕೊಟ್ಟರು. ಹೆಂಗಸೊಬ್ಬಳು ಇದನ್ನೆಲ್ಲ ಹೆಸರು ಹಾಕಿ ಬರೆದಿದ್ದಾಳಲ್ಲ ಅಂತಲೇ ಅರ್ಧ ನಾಚಿಕೆ ಹೋಯಿತು.

ಆ ನೋಟ್ ಬುಕ್ಕೇ ನನ್ನನ್ನು ಉಳಿಸಿತೆಂದರೆ ಸುಳ್ಳಲ್ಲ. ಹತ್ತನೆಯ ದಿನದ ರಾತ್ರಿ ಮೈ ನಡುಗಿ ಜ್ವರ ಬಂತು. ಮಳೆಗಾಲದ ಜ್ವರ, ಕಷಾಯ ಕುಡಿದು ಮಲಗೋಣ ಅಂತ ನಾನು. ಯಜಮಾನರು ಬೇಲಿ ಹತ್ತಿರ ನಿಂತು ಕೂಗಿದರು. ಅವಳು ಥರ್ಮಾಮೀಟರ್ ಇಟ್ಟು, ಬ್ಯಾಟರಿ ಬೆಳಕಿನಲ್ಲಿ ಪುಟ ತೆಗೆದು ತೋರಿಸಿದಳು: "100.4 ದಾಟಿದರೆ ಹಗಲೋ ರಾತ್ರಿಯೋ, ಕೂಡಲೆ ಆಸ್ಪತ್ರೆ." ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿದಿರುತ್ತದೆ, ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ನನಗೆ 101 ಇತ್ತು. ಅವಳ ಮಗ ಜೀಪು ತೆಗೆದ. ಆನೆ ಹಿಂಡು ನಮ್ಮ ಕೆಳಗಿನ ರಸ್ತೆಯಲ್ಲಿದೆ ಎಂಬ ಸಂದೇಶ ಸಂಜೆಯೇ ಮೊಬೈಲಿಗೆ ಬಂದಿತ್ತು, ಹಾಗಾಗಿ ಸುತ್ತು ದಾರಿ. ಆ ಗುಂಡಿಗಳಲ್ಲಿ ಅವಳು ನನ್ನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದಳು. ಬೋಳು ತಲೆ. ಮಫ್ಲರ್ ಎಲ್ಲಿ ಬಿದ್ದಿತ್ತೋ. ಹಾಸನದಲ್ಲಿ ಮೂರು ದಿನ ಡ್ರಿಪ್. ಬೆಳಗಿನವರೆಗೆ ಕಾದಿದ್ದರೆ ಕಷ್ಟವಿತ್ತು ಅಂದರು ಅಲ್ಲಿಯ ಡಾಕ್ಟರು.

ಎಂಟೂ ಮುಗಿದವು. ಆಮೇಲೆ ವಾರಕ್ಕೆ ಐದು ದಿನದಂತೆ ಮೂರು ವಾರ ರೇಡಿಯೇಷನ್, ಅದು ಅಷ್ಟು ಕಷ್ಟವಲ್ಲ, ಚರ್ಮ ಸ್ವಲ್ಪ ಕಪ್ಪಾಗುತ್ತದೆ. ಈಗ ದಿನಕ್ಕೊಂದು ಮಾತ್ರೆ, ಐದು ವರ್ಷ. ಎಡಗೈಗೆ ಭಾರದ ಕೊಡ ಇಲ್ಲ, ಸೂಜಿ ಇಲ್ಲ. ದಿನಾ ಬೆಳಿಗ್ಗೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ತಪಾಸಣೆಯ ದಿನ ಹತ್ತಿರ ಬಂದರೆ ಈಗಲೂ ನಿದ್ದೆ ಬರುವುದಿಲ್ಲ. ಬರದಿದ್ದರೆ ಎದ್ದು ಕೂರುತ್ತೇನೆ, ಯಜಮಾನರನ್ನೂ ಎಬ್ಬಿಸುತ್ತೇನೆ. ಕಾಫಿ ವಾಸನೆ ಮತ್ತೆ ಹಿತವಾಗಿದೆ, ಅವರು ಕೊಟ್ಟಿಗೆಯಿಂದ ಒಳಗೆ ಬಂದಿದ್ದಾರೆ.

ಹಲಸಿನ ಮರ ಯಾರದ್ದು ಅಂತ ಇನ್ನೂ ತೀರ್ಮಾನವಾಗಿಲ್ಲ. ಹಪ್ಪಳ ಮಾತ್ರ ಈ ಸಲ ಎರಡೂ ಮನೆಯವರು ಒಟ್ಟಿಗೆ ಮಾಡಿದೆವು. ಉಪ್ಪು ಜಾಸ್ತಿಯಾಯಿತು. ಅದು ಅವಳ ಕೈ.