ಎಣ್ಣೆಯ ಲೆಕ್ಕ

ಹಾನಗಲ್ಲಿನ ನಮ್ಮ ಮಾವಿನ ತೋಟದಲ್ಲಿ ಹಿಂದೆ ಒಂದು ಡೀಸೆಲ್ ಎಂಜಿನ್ನಿತ್ತು. ಅದರ ಯಜಮಾನಿಕೆ ನಮ್ಮ ಕಾಕಾನದು. ಎಂಜಿನ್ನಿಗೆ ಎಣ್ಣೆ ಹಾಕಿದಾಗಲೆಲ್ಲ ಪಂಪಿನ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದ. “ಕುಡದದ್ದು ಬರದಿಡಬೇಕಪಾ, ಇಲ್ಲಾಂದ್ರ ಅದು ಕುಡುಕ ಆದದ್ದು ಗೊತ್ತ ಆಗೂದಿಲ್ಲ” ಎನ್ನುತ್ತಿದ್ದ. ಅವನದು ಇನ್ನೊಂದು ಮಾತೂ ಇತ್ತು: “ಹೊಸಾ ಹೋರಿಗೆ ಮೊದಲನೇ ದಿನಾನ ಭಾರಾ ಎಳಸಬಾರದು.”

ಈ ಎರಡು ಮಾತುಗಳನ್ನು ಕಟ್ಟಿಕೊಂಡು ನಾನು ಊರು ಬಿಟ್ಟೆ. ಒಂದು ಹಾರಾಟ ಶಾಲೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿದೆ. ಅಲ್ಲಿ ಬಳಸಬಾರದ ಮಾತನ್ನು ಬಳಸಿದೆ, ಬಳಸಬೇಕಾದದ್ದನ್ನು ಮರೆತೆ.

ನನ್ನ ಪಾಲಿಗೆ ಬಂದದ್ದು ಒಂದು ಸೆಸ್ನಾ 172. ಮೂಗಿನಲ್ಲಿ ನಾಲ್ಕು ಸಿಲಿಂಡರಿನ, 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ಅದರ ಹೊಟ್ಟೆಯಲ್ಲಿ ಎಂಟು ಕ್ವಾರ್ಟ್ ಎಣ್ಣೆ ಹಿಡಿಯುತ್ತದೆ. ಕ್ವಾರ್ಟ್ ಎಂದರೆ ಒಂದು ಲೀಟರಿಗೆ ತುಸು ಕಡಿಮೆ. ಆರಕ್ಕಿಂತ ಕೆಳಗಿದ್ದರೆ ಹಾರಿಸಬಾರದು. ಒಮ್ಮೆ ಒಂದು ಸಿಲಿಂಡರನ್ನು ಬದಲಿಸಿ ಹೊಸದನ್ನು ಕೂಡಿಸಿದೆವು. ನನಗೆ ಕಾಕಾನ ಹೋರಿ ನೆನಪಾಯಿತು. ನೆಲದ ಮೇಲೆ ಬಹಳ ಹೊತ್ತು ನಿಧಾನವಾಗಿ ಓಡಿಸಿದೆ. ಹಾರುವ ಹುಡುಗರಿಗೂ, “ಹೊಸ ಸಿಲಿಂಡರ್, ಮೆಲ್ಲಗೆ ನಡೆಸಿರಿ” ಎಂದು ಹೇಳಿದೆ.

ವಾರ ಕಳೆಯುವುದರಲ್ಲಿ ಎಣ್ಣೆ ಇಳಿಯತೊಡಗಿತು. ನಾನು ಕೂಡಿಸಿದ ಸಿಲಿಂಡರ್! ನಾಚಿಕೆಯಾಯಿತು. ಬೆಳಿಗ್ಗೆ ಯಾರೂ ಬರುವ ಮೊದಲೇ ಒಂದು ಡಬ್ಬಿ ಸುರಿದು ಎಂಟರ ಗೆರೆ ಮುಟ್ಟಿಸುತ್ತಿದ್ದೆ. ಪುಸ್ತಕದಲ್ಲಿ ಮಾತ್ರ ಬರೆಯುತ್ತಿರಲಿಲ್ಲ. ವಿಮಾನದ ಹೊಟ್ಟೆಯ ಕೆಳಗೆ ಎಣ್ಣೆಯ ಕಪ್ಪು ಪಟ್ಟೆ ಕಂಡರೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದೆ. ಕಾಗದದ ಮೇಲೆ ಆ ಎಂಜಿನ್ ಏಕಾದಶಿ ಮಾಡುತ್ತಿತ್ತು.

ಹೀಗಿರುವಾಗ ಒಬ್ಬ ಹುಡುಗ ಮೊದಲ ಸಲ ಒಬ್ಬನೇ ದೂರದ ಹಾರಾಟಕ್ಕೆ ಹೊರಡುವ ದಿನ ಬಂತು. ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಂಜಿನ್ ಎಷ್ಟು ಕುಡಿಯುತ್ತದೆಂಬುದು ಅವನಿಗೆ ಗೊತ್ತಿಲ್ಲ. ಸುರಿದವನು ನಾನು, ಹೋಗುವವನು ಅವನು. ಬೆಳಗಾಗುತ್ತಲೇ ಹಿರಿಯ ಎಂಜಿನಿಯರರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅವರು ಕುಂದಾಪುರದ ಕಡೆಯವರು. ಬೈಯಲಿಲ್ಲ. ಹುಡುಗನ ಹಾರಾಟ ನಿಲ್ಲಿಸಿದರು. ನನ್ನ ಕೈಗೆ ಒಂದು ನೋಟುಬುಕ್ಕು ಕೊಟ್ಟು, “ಎಣ್ಣೆ ಎಲ್ಲಿ ಹೋಗುತ್ತದೆ ಎಂದು ಆಮೇಲೆ ಹುಡುಕುವ. ಎಷ್ಟು ಹೋಗುತ್ತದೆ ಎಂದು ಮೊದಲು ಬರೆ ಮಾರಾಯ” ಎಂದರು. ಕಾಕಾನ ಇದ್ದಿಲ ಗೆರೆ ಕಣ್ಣಿಗೆ ಕಟ್ಟಿತು.

ಎಂಟರ ಬದಲು ಏಳಕ್ಕೆ ನಿಲ್ಲಿಸಿ, ಸಮೀಪದಲ್ಲೇ ಹಾರಿಸಿ ನೋಡಿದೆವು. ಹೊಟ್ಟೆಯ ಪಟ್ಟೆ ಹೆಚ್ಚುಕಡಿಮೆ ಮಾಯವಾಯಿತು. ಗೆರೆಯವರೆಗೆ ತುಂಬಿದರೆ ಮೇಲಿನ ಎಣ್ಣೆಯನ್ನು ಎಂಜಿನ್ ಉಸಿರುಗೊಳವೆಯಿಂದ ಉಗುಳಿಬಿಡುತ್ತದೆ. ಅಂದರೆ ನನ್ನ ಗುಟ್ಟಿನ ಡಬ್ಬಿಯೂ ಅರ್ಧ ಗಾಳಿಗೇ ಹೋಗಿತ್ತು. ಆದರೂ ಎರಡು ಗಂಟೆಗೆ ಒಂದು ಕ್ವಾರ್ಟಿಗಿಂತ ಹೆಚ್ಚು ಇಳಿಯುತ್ತಲೇ ಇತ್ತು. ತಯಾರಕರ ಲೆಕ್ಕ ಅಶ್ವಶಕ್ತಿಯೊಂದಕ್ಕೆ ಗಂಟೆಗೆ 0.006 ಪೌಂಡ್, ನಮ್ಮ ಎಂಜಿನ್ನಿಗೆ ಗಂಟೆಗೆ ಅರ್ಧ ಕ್ವಾರ್ಟಿನೊಳಗೇ ಇರಬೇಕು. ಮಿತಿ ಮೀರಿತ್ತು.

ಸೋರುವ ಜಾಗಗಳನ್ನೆಲ್ಲ ತೊಳೆದು, ಓಡಿಸಿ ನೋಡಿದೆವು, ಒಣಗಿದ್ದವು. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಕಿವಿಗೊಟ್ಟೆವು. ಹೊಗೆಗೊಳವೆಯಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವಿನ ದೋಷ, ಉಸಿರುಗೊಳವೆಯಲ್ಲಿ ಬಂದರೆ ರಿಂಗಿನದು. ನಾಲ್ಕೂ ಸಿಲಿಂಡರುಗಳು ಒತ್ತಡವನ್ನು ಚೆನ್ನಾಗಿಯೇ ಹಿಡಿದವು. ಕೊನೆಗೆ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರೆ ಹೊಸ ಸಿಲಿಂಡರಿನ ಕೆಳಗಿನ ಪ್ಲಗ್ಗು ಮಾತ್ರ ಎಣ್ಣೆಯಲ್ಲಿ ನೆಂದಿತ್ತು.

ಸಿಲಿಂಡರ್ ಕಳಚಿದೆವು. ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಸ ಗೋಡೆಯ ಮೇಲೆ ಸಣ್ಣ ಅಡ್ಡಗೀರುಗಳಿರುತ್ತವೆ. ಉರಿಯುವ ಅನಿಲದ ಒತ್ತಡ ರಿಂಗುಗಳನ್ನು ಗೋಡೆಗೆ ಒತ್ತಿ ಹಿಡಿದಾಗಲೇ ಎರಡೂ ಒಂದನ್ನೊಂದು ಉಜ್ಜಿಕೊಂಡು ಹೊಂದಿಕೊಳ್ಳುವುದು. ಮೆಲ್ಲಗೆ ಓಡಿಸಿದರೆ ಆ ಒತ್ತಡವಿಲ್ಲ. ಎಣ್ಣೆ ಗೋಡೆಯ ಮೇಲೇ ಸುಟ್ಟು ಗಾಜಿನಂತೆ ಕೂರುತ್ತದೆ, ಆಮೇಲೆ ರಿಂಗು ಎಂದಿಗೂ ಹೊಂದಿಕೊಳ್ಳುವುದಿಲ್ಲ. ಮುದ್ದಿನಿಂದಲೇ ಕೆಡಿಸಿದ್ದೆ.

ಗೋಡೆಗೆ ಮತ್ತೆ ಗೀರು ಹಾಕಿಸಿ, ಹೊಸ ರಿಂಗು ಕೂಡಿಸಿ, ಸೇರ್ಪಡೆಯಿಲ್ಲದ ಸಾದಾ ಖನಿಜ ಎಣ್ಣೆ ಹಾಕಿದೆವು. ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲಿಸದೆ, ಮುಕ್ಕಾಲು ಪಾಲು ಶಕ್ತಿಯಲ್ಲಿ ಹಾರಿಸಿದರು. ಪ್ರತಿ ಸಲವೂ ಬರೆದೆ. ಸಂಖ್ಯೆಗಳು ಇಳಿಯುತ್ತ ಬಂದು ಒಂದು ಕಡೆ ನಿಂತವು. ಹುಡುಗನೂ ಹೋಗಿ ಬಂದ. ಅವನಿಗೆ ಈ ಕಥೆಯನ್ನು ನಾನೇ ಹೇಳಿದೆ.

ಮುಂದೆ ರಜೆಗೆ ಊರಿಗೆ ಬಂದಾಗ ಕಾಕಾನಿಗೂ ಹೇಳಿದೆ. ಅವನು ಎಲೆ ಅಡಿಕೆ ಮೆಲ್ಲುತ್ತ ಕೇಳಿ, “ಹೋರಿ ಮಾತು ಹೋರಿಗೆ ಹೇಳಿದ್ದಪಾ. ಗ್ವಾಡಿ ಮ್ಯಾಲಿಂದು ಎಂಜಿನ್ನಿಗೆ” ಎಂದ. ಆ ಗೋಡೆ ಇಂದಿಲ್ಲ. ನೋಟುಬುಕ್ಕು ನನ್ನ ಬಳಿ ಇದೆ.