ವಿಳಾಸ ಹೇಳಬಾರದ ಮನೆ

2023ರ ದೀಪಾವಳಿಗೆ ಸ್ವಲ್ಪ ಮುಂಚಿನ ಮಾತು. ಹಬ್ಬ ಬಂದಾಗ ಎಲ್ಲಿಗಾದರೂ ಏನಾದರೂ ಕೊಟ್ಟು ಬರುವುದು ನಮ್ಮ ಬಡಾವಣೆಯ ಮಹಿಳಾ ಸಮಾಜದ ರೂಢಿ. ಆ ಸಲ ಹಣ ಕೂಡಿಸಿದ್ದಾಗಿತ್ತು. ಸೀರೆ ತರುವುದೋ, ಕಂಬಳಿ ತರುವುದೋ ಎಂದು ಚರ್ಚೆ ನಡೆದಿತ್ತು. ನಮ್ಮ ಕಾರ್ಯದರ್ಶಿ ನಿವೃತ್ತ ನರ್ಸು. ಮಾತು ಕಡಿಮೆ, ಆಡಿದರೆ ಮಾತ್ರ ಯಾರೂ ತೆಗೆದುಹಾಕುವ ಹಾಗಿಲ್ಲ. "ಯಾರಿಗೆ ಕೊಡ್ತೀವೋ ಅವರನ್ನ ಒಂದು ಮಾತು ಕೇಳ್ಕೊಂಡು ಬನ್ನಿ. ಆಮೇಲೆ ಅಂಗಡಿಗೆ ಹೋಗೋಣ" ಅಂದರು. ಕೇಳಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ಹೋಗಬೇಕಾಗಿದ್ದದ್ದು ಮನೆಯೊಳಗಿನ ಹೊಡೆತ ಬಡಿತ ತಾಳಲಾರದೆ ಹೊರಗೆ ಬಂದ ಹೆಂಗಸರಿರುವ ಆಶ್ರಯಧಾಮಕ್ಕೆ. ಯಾವ ಊರು, ಯಾವ ಬೀದಿ ಎಂದು ಕೇಳಬೇಡಿ, ನಾನು ಹೇಳುವುದಿಲ್ಲ. ಅಲ್ಲಿ ಬೋರ್ಡೂ ಇರಲಿಲ್ಲ. ಅಕ್ಕಪಕ್ಕದವರು ಅದನ್ನು ಯಾವುದೋ ಹಾಸ್ಟೆಲ್ ಅಂದುಕೊಂಡಿದ್ದರು. ಆಸರೆ ಕೇಳಿ ಬಂದವಳು ಬೇಡವೆಂದರೆ, ಅವಳು ಅಲ್ಲಿದ್ದಾಳೆ ಎಂಬುದನ್ನು ಅವಳು ದೂರು ಕೊಟ್ಟವನಿಗೆ ತಿಳಿಸಕೂಡದು ಎಂದು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 2006ರ ನಿಯಮಗಳಲ್ಲೇ ಇದೆ. ಮೊದಲೇ ಘಟನಾ ವರದಿ ದಾಖಲಾಗಿಲ್ಲ ಎಂಬ ನೆಪ ಹೇಳಿ ಅವಳನ್ನು ಬಾಗಿಲಿಂದ ವಾಪಸು ಕಳಿಸುವಂತೆಯೂ ಇಲ್ಲ. ಇದನ್ನೆಲ್ಲ ನನಗೆ ತಿಳಿಸಿದವರು ಅಲ್ಲಿನ ವಾರ್ಡನ್. ಒಳಗೆ ಕಾಲಿಡುತ್ತಿದ್ದಂತೆ ನನ್ನ ಮೊಬೈಲ್ ಇಸಿದುಕೊಂಡು ಬೀರುವಿನಲ್ಲಿಟ್ಟರು. "ಬೇಜಾರು ಮಾಡ್ಕೋಬೇಡಿ ಮೇಡಂ. ಸೀರೆ ಕೊಟ್ಟು ಫೋಟೋ ತೆಗೆಸ್ಕೊಳ್ಳೋಕೆ ಬರೋರು ಇದ್ದಾರೆ. ಆ ಫೋಟೋ ಯಾರ ಫೋನಿಂದ ಯಾರ ಫೋನಿಗೆ ಹೋಗುತ್ತೋ ಹೇಳೋಕಾಗಲ್ಲ" ಅಂದರು. ಅಂಥ ಫೋಟೋದಲ್ಲಿ ಹೆಂಡತಿಯನ್ನು ಕಂಡ ಗಂಡನೊಬ್ಬ ಮರುದಿನವೇ ಗೇಟಿನ ಮುಂದೆ ನಿಂತಿದ್ದನಂತೆ.

ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ನಾಲ್ಕೈದು ಜನ ಸೊಪ್ಪು ಬಿಡಿಸುತ್ತಾ ಕೂತಿದ್ದರು. "ನಿಮಗೆ ಏನು ಬೇಕಾಗಿದೆ, ಸಂಕೋಚ ಪಡದೆ ಹೇಳಿ" ಅಂದೆ. ಎಲ್ಲರೂ ತಲೆ ತಗ್ಗಿಸಿದರು. "ಏನೂ ಬೇಡ ಮೇಡಂ, ಎಲ್ಲಾ ಇದೆ" ಎಂದಳು ಒಬ್ಬಳು. ಬೇಕು ಅನ್ನುವ ಮಾತನ್ನೇ ವರ್ಷಗಟ್ಟಲೆ ನುಂಗಿಕೊಂಡು ಬಂದವರು ಅವರು. ಬೇಕು ಎಂದಿದ್ದಕ್ಕೇ ಏಟು ತಿಂದವರೂ ಅಲ್ಲಿದ್ದರು. ನಾನೂ ಚಾಪೆಯ ಮೇಲೆ ಕೂತು ಒಂದು ಕಟ್ಟು ದಂಟಿನ ಸೊಪ್ಪು ಎಳೆದುಕೊಂಡೆ. ಆಮೇಲೆ ನಿಧಾನಕ್ಕೆ ಒಂದೊಂದೇ ಮಾತು ಬಂತು.

ಮೊದಲು ಬಾಯಿ ಬಿಟ್ಟವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ರಾತ್ರಿ ಉಟ್ಟ ನೈಟಿಯ ಮೇಲೆ ಟವೆಲ್ ಹೊದ್ದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದಿದ್ದಳು. "ನನಗೆ ಆಧಾರ್ ಕಾರ್ಡ್ ಬೇಕು ಮೇಡಂ" ಅಂದಳು. ಕಾರ್ಡು ಗಂಡನ ಬೀರುವಿನಲ್ಲಿ, ಬೀರುವಿನ ಕೀ ಗಂಡನ ಉಡಿದಾರದಲ್ಲಿ. ಇನ್ನೊಂದು ಪ್ರತಿ ಆನ್‌ಲೈನಿನಲ್ಲಿ ತೆಗೆಯಬಹುದಲ್ಲ ಅಂದೆ. ತೆಗೆಯಬಹುದು, ಆದರೆ ಓಟಿಪಿ ಹೋಗುವುದು ಅವನ ಮೊಬೈಲಿಗೆ. ಮದುವೆಯಾದ ಹೊಸತರಲ್ಲಿ ಅವನೇ ತನ್ನ ನಂಬರು ಕೊಟ್ಟು ಜೋಡಿಸಿದ್ದ. ಓಟಿಪಿ ಬಂದರೆ ಹೆಂಡತಿ ಎಲ್ಲೋ ಕೂತು ಏನೋ ಮಾಡಿಸುತ್ತಿದ್ದಾಳೆ ಎಂದು ಗೊತ್ತಾಗಿಬಿಡುತ್ತದೆ. ಆ ವರ್ಷ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು, ಊರೆಲ್ಲ ಹೆಂಗಸರು ಬಸ್ಸಿನಲ್ಲಿ ಪುಕ್ಕಟೆ ಓಡಾಡುತ್ತಿದ್ದರು. ಗುರುತಿನ ಚೀಟಿ ಇಲ್ಲದ ಇವಳು ಮಾತ್ರ ಕೋರ್ಟಿಗೆ ಹೋಗಿಬರಲು ಟಿಕೆಟ್ ಕೊಳ್ಳಬೇಕಾಗಿತ್ತು. ಗಾರ್ಮೆಂಟ್ಸ್‌ನಲ್ಲಿ ಕೆಲಸ ಕೇಳಿದರೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ತನ್ನಿ ಅನ್ನುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ರೇಷನ್ ಕಾರ್ಡಿನ ಯಜಮಾನಿಗೆ, ಅಂದರೆ ಅತ್ತೆಯ ಖಾತೆಗೆ. ಮನೆ ಬಿಟ್ಟ ಹೆಂಗಸು ಯಾವ ಕಾಗದದಲ್ಲೂ ಇರುವುದಿಲ್ಲ ಎಂಬುದು ನನಗೆ ಆ ಹೊತ್ತು ಕಣ್ಣಿಗೆ ಕಟ್ಟಿತು.

ಅವಳ ಮಾತು ಮುಗಿಯುತ್ತಿದ್ದಂತೆ ಎಲ್ಲರಿಗೂ ಧೈರ್ಯ ಬಂತು. ಸರಿಯಾದ ಅಳತೆಯ ಹೊಸ ಒಳ ಉಡುಪು ಬೇಕು ಎಂದು ಒಬ್ಬಳು ಕಿವಿಯಲ್ಲಿ ಹೇಳಿದಳು. ಹಳೆ ಸೀರೆ ಯಾರು ಬೇಕಾದರೂ ಕೊಡುತ್ತಾರೆ, ಇದನ್ನು ಯಾರ ಹತ್ತಿರ ಕೇಳುವುದು? ಪ್ಯಾಡು, ಥೈರಾಯ್ಡ್ ಮಾತ್ರೆ, ಓದುವ ಕನ್ನಡಕ. ಗಲಾಟೆಯಲ್ಲಿ ಮೊದಲು ಒಡೆಯುವುದು ಕನ್ನಡಕವೇ ಅಂತೆ.

ಗೋಡೆಗೆ ಒರಗಿ ಕೂತಿದ್ದ ಹಿರಿಯಾಕೆ ಕೇಳಿದ್ದನ್ನು ಮಾತ್ರ ಇವತ್ತಿಗೂ ಮರೆಯಲಾರೆ. ಆಕೆಯನ್ನು ಹೊಡೆದು ಹೊರಹಾಕಿದ್ದವನು ಹೊಟ್ಟೆಯಲ್ಲಿ ಹುಟ್ಟಿದ ಮಗ. ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡ ಹೆಂಡಿರಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ತಾಯಿಯೂ ಇದರ ಕೆಳಗೆ ಮಗನ ಮೇಲೆ ದೂರು ಕೊಡಬಹುದು, ಒಂದೇ ಸೂರಿನಡಿ ಬಾಳಿದ ಅಕ್ಕ ತಂಗಿಯರೂ ಕೊಡಬಹುದು. "ನಂಗೊಂದು ಬೀಗ ತಂದ್ಕೊಡವ್ವ, ಟ್ರಂಕಿಗೆ" ಅಂದರು ಆಕೆ. ಟ್ರಂಕಿನಲ್ಲಿ ಎರಡು ಸೀರೆ, ಒಂದು ಔಷಧಿ ಚೀಟಿ ಬಿಟ್ಟರೆ ಏನೂ ಇಲ್ಲ ಎಂದು ವಾರ್ಡನ್ ಆಮೇಲೆ ಹೇಳಿದರು. ಮದುವೆಯಾದ ದಿನದಿಂದ ಅತ್ತೆಯ ಕೀಲಿ, ಗಂಡನ ಕೀಲಿ, ಕೊನೆಗೆ ಸೊಸೆಯ ಕೀಲಿ. ತನ್ನದು ಅಂತ ಒಂದು ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಳ್ಳಬೇಕೆಂಬುದು ಆಕೆಯ ಆಸೆ.

ಮಕ್ಕಳ ವಿಷಯ ಇನ್ನೂ ತೊಡಕಿನದು. ಹಾವೇರಿ ಕಡೆಯ ತಾಯಿಯೊಬ್ಬಳಿಗೆ ಇಬ್ಬರು ಮಕ್ಕಳು. ಐದನೇ ಇಯತ್ತೆಯ ಮಗಳು ಜೊತೆಯಲ್ಲಿದ್ದಳು. ಟಿಸಿ ಇಲ್ಲದೆ ಸೇರಿಸಿಕೊಳ್ಳಲಾಗದು ಎಂದು ಇಲ್ಲಿನ ಶಾಲೆಯೊಂದು ಹೇಳಿ ಕಳಿಸಿತ್ತು. ಟಿಸಿ ತರಲು ಹಳೆಯ ಶಾಲೆಗೆ ಹೋದರೆ ಸಂಜೆಯೊಳಗೆ ಅಪ್ಪನಿಗೆ ಸುದ್ದಿ ಮುಟ್ಟುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ, ಟಿಸಿ ಬರುವುದು ತಡವಾಯಿತು ಎಂದು ಪ್ರವೇಶ ತಡೆಯುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ನಮ್ಮ ಸಮಾಜದಲ್ಲಿ ಮೇಷ್ಟ್ರ ಕೆಲಸ ಮಾಡಿದವರಿದ್ದಾರೆ, ಅವರು ಹೋಗಿ ಮುಖ್ಯೋಪಾಧ್ಯಾಯರ ಮುಂದೆ ಕೂತರೆ ಆಗುವ ಕೆಲಸ ಎಂದು ಗುರುತು ಹಾಕಿಕೊಂಡೆ. ಆದರೆ ಮಗನದು? ಗಂಡು ಮಕ್ಕಳು ಇಂಥ ಕಡೆ ತಾಯಿಯ ಜೊತೆ ಇರಲು ವಯಸ್ಸಿನ ಮಿತಿಯಿದೆ. ಹುಡುಗ ಅದನ್ನು ದಾಟಿದ್ದರಿಂದ ಅವನನ್ನು ಬಾಲಮಂದಿರಕ್ಕೆ ಕಳಿಸಿದ್ದರು. "ಹೊಡದಾಂವ ಮನ್ಯಾಗ ಆರಾಮ ಅದಾನ್ರಿ. ನಾ ಒಂದ್ ಕಡೆ, ನನ್ ಮಗ ಒಂದ್ ಕಡೆ" ಅಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಉತ್ತರವಿದೆ. ಒಟ್ಟಿಗೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳದು, ಮನೆ ಯಾರ ಹೆಸರಿನಲ್ಲೇ ಇರಲಿ. ಹೊಡೆಯುವವನೇ ಹೊರಗೆ ಹೋಗಲಿ ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದೂ ಇದೆ. ಅಲ್ಲಿದ್ದವರಲ್ಲಿ ಯಾರಿಗೂ 60 ದಿನಕ್ಕೆ ಮುಗಿದಿರಲಿಲ್ಲ. ಈ ಕಾಯ್ದೆಯಡಿ ನೊಂದವಳಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿ ಎಂದರೆ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಇಡೀ ತಾಲ್ಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವವರ ತಲೆಯ ಮೇಲೆ ಈ ಹೊಣೆಯನ್ನೂ ಹೊರಿಸಿದರೆ ಯಾವುದು ಹಿಂದೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಈ ಕೆಲಸಕ್ಕೇ ಪ್ರತ್ಯೇಕ ಅಧಿಕಾರಿ ಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಬ್ಬ ಹತ್ತಿರವಿತ್ತಲ್ಲ, ಮಾತು ತವರಿನ ಕಡೆಗೆ ತಿರುಗಿತು. ದೀಪಾವಳಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಪದ್ಧತಿ ನಮ್ಮದು. ಅಲ್ಲಿದ್ದ ಬಹುತೇಕರನ್ನು ತವರೇ ಹಿಂದಕ್ಕೆ ಕಳಿಸಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂಬ ಗಾದೆಯನ್ನು ಅವರು ಅಪ್ಪನ ಬಾಯಲ್ಲಿ ಕೇಳಿದ್ದರು, ಊರ ಹಿರಿಯರ ಬಾಯಲ್ಲಿ ಕೇಳಿದ್ದರು, ದೂರು ಕೊಡಲು ಹೋದ ಕಡೆಯೂ ಕೇಳಿದ್ದರು. ಉಣ್ಣಲು ಕೊಡದ, ಮಲಗಲು ಬಿಡದ ಮನೆಗೆ ಆ ಗಾದೆ ಹೇಗೆ ಹೊಂದುತ್ತದೆ? ಒಬ್ಬಳು ಹಿಂದೆ ರಾಜಿಯಾಗಿ ಗಂಡನ ಮನೆಗೆ ಮರಳಿ, ಮತ್ತೆ ಕೈ ಮುರಿಸಿಕೊಂಡು ಬಂದಿದ್ದಳು. ಯಾಕಮ್ಮ ಹೋದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಇಲ್ಲಿಂದ ಆಚೆ ಎಲ್ಲಿಗೆ ಹೋಗ್ಲಿ ಮೇಡಂ? ಬಾಡಿಗೆ ಮನೆ ಕೇಳಿದ್ರೆ ಯಜಮಾನರು ಎಲ್ಲಿ ಅಂತಾರೆ."

ನಾನು ಅಲ್ಲಿಂದ ಹೊತ್ತು ತಂದ ಮಾತು ಇದೇ. ಹಿಂದಿನ ಸ್ವಾಧಾರ ಗೃಹ ಎಂಬ ಆಶ್ರಯ ಯೋಜನೆಯ ನಿಯಮದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಸಿಕ್ಕವರಿಗೆ ಒಂದು ವರ್ಷದವರೆಗೆ ಇರಲು ಅವಕಾಶವಿತ್ತು. ಆಸ್ಪತ್ರೆ ಆವರಣದ ಸಖಿ ಕೇಂದ್ರಗಳಲ್ಲಿ ಐದು ದಿನ. ಅನ್ನ, ಸೂರು, ಸಮಾಧಾನದ ಮಾತು ಎಲ್ಲವೂ ಆ ಅವಧಿಯೊಳಗೆ ಸಿಗುತ್ತವೆ. ಅವಧಿ ಮುಗಿದ ಮರುದಿನ ಬೆಳಿಗ್ಗೆ ಅವಳ ಕೈಯಲ್ಲಿ ಗುರುತಿನ ಚೀಟಿ, ತಿಂಗಳಿಗೊಂದು ಸಂಬಳ, ಒಂದು ಕೋಣೆಯ ಬೀಗದ ಕೈ ಇಲ್ಲದಿದ್ದರೆ ಅವಳಿಗಿರುವುದು ಬಂದ ದಾರಿಯೊಂದೇ. ಹೊಡೆಸಿಕೊಳ್ಳಲು ಯಾರೂ ಇಷ್ಟಪಟ್ಟು ಮರಳುವುದಿಲ್ಲ.

ಸಮಾಜದಲ್ಲಿ ಇದನ್ನೆಲ್ಲ ಹೇಳಿದಾಗ ಸೀರೆಯ ಮಾತು ತಾನಾಗಿ ನಿಂತುಹೋಯಿತು. ಒಳ ಉಡುಪು ಅಳತೆ ಬರೆಸಿಕೊಂಡು ತಂದೆವು. ಎಲ್ಲರ ಟ್ರಂಕಿಗೂ ಒಂದೊಂದು ಬೀಗ, ಕನ್ನಡಕ, ಕೋರ್ಟಿಗೆ ಓಡಾಡಲು ಸ್ವಲ್ಪ ಹಣ. ಆ ಹುಡುಗಿಯನ್ನು ನಮ್ಮಲ್ಲಿಬ್ಬರು ಆಧಾರ್ ಕೇಂದ್ರಕ್ಕೆ ಕರೆದೊಯ್ದರು. ಬೆರಳಚ್ಚು ಕೊಟ್ಟರೆ ಹಳೆಯ ನಂಬರಿನ ಓಟಿಪಿ ಇಲ್ಲದೆಯೇ ಹೊಸ ಮೊಬೈಲ್ ನಂಬರು ಸೇರಿಸುತ್ತಾರೆ, ಆಗ ಅದಕ್ಕೆ 50 ರೂಪಾಯಿ. ಶಾಲೆಯ ಕೆಲಸವೂ ಆಯಿತು. ಬಾಡಿಗೆ ಮನೆ ಮಾತ್ರ ಬಹಳ ಸತಾಯಿಸಿತು. ಮುಂಗಡ ನಾವು ಕೊಡುತ್ತೇವೆ ಎಂದರೂ ಮನೆ ಮಾಲೀಕರು ಒಪ್ಪಲಿಲ್ಲ. ಕೊನೆಗೆ ಕಾರ್ಯದರ್ಶಿಯವರೇ ತಮ್ಮ ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಾಗಾಗಿ ಅಂಥವಳೊಬ್ಬಳು ನಮ್ಮ ನಿಮ್ಮ ಬೀದಿಯಲ್ಲೇ ಇದ್ದಾಳೆ. 181ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು ಎಂದು ಅವಳ ಕಿವಿಗೆ ಹಾಕಿ. ನಿಮ್ಮ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಯೊಂದಿದ್ದು, ಮಗುವಿನ ಕೈಹಿಡಿದ ಹೆಂಗಸೊಬ್ಬಳು ಕೇಳಿಕೊಂಡು ಬಂದರೆ, ದಯವಿಟ್ಟು ಗಂಡ ಎಲ್ಲಿ ಎಂದು ಕೇಳಬೇಡಿ. ಬಾಡಿಗೆ ಎಷ್ಟು, ನೀರು ಯಾವ ಹೊತ್ತಿಗೆ ಬರುತ್ತದೆ ಎಂದು ಹೇಳಿ.